ಜಾಲಿಯ ಚಕ್ಕೆ

ಲೈನ್‌ಮನ್ ಮಾರೆಪ್ಪನ ಮನೆಗೇ ಕರೆಂಟಿಲ್ಲ ಎಂದು ರಾಯಚೂರಿನ ತೀನ್ ಕಂದೀಲ್ ಚೌಕದ ಹಿಂದಿನ ಓಣಿ ನಗುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುವ ಗಾದೆಯನ್ನು ಓಣಿಯವರು ಅವನೊಬ್ಬನಿಗಾಗಿಯೇ ಕಾಯ್ದಿಟ್ಟುಕೊಂಡಂತಿತ್ತು. ಅದು ಎಂಬತ್ನಾಲ್ಕನೇ ಇಸವಿ. ಆಚೆ ಕೃಷ್ಣೆಯ ದಂಡೆಯಲ್ಲಿ ಶಕ್ತಿನಗರದ ಕರೆಂಟು ಕಾರ್ಖಾನೆಯ ಚಿಮಣಿ ಮುಗಿಲಿಗೆ ಏಳುತ್ತಿತ್ತು. ಇನ್ನು ರಾಯಚೂರಿಗೆ ಕತ್ತಲೆಯೇ ಇಲ್ಲ ಎಂದು ಹೋಟೆಲಿನಲ್ಲಿ ಕೂತವರು ಹೇಳುತ್ತಿದ್ದರು. ಆ ಮಾತು ಮುಗಿಯುವುದರೊಳಗೆ ಕರೆಂಟು ಹೋಗುತ್ತಿತ್ತು.

ಆ ನಗುವನ್ನು ನಿಲ್ಲಿಸಿದವಳು ಮಾರೆಪ್ಪನ ಮಗಳು ಕರೆಮ್ಮ. ಅರಕೇರಾದಲ್ಲಿ ಹುಟ್ಟಿದ ಹುಡುಗಿ. ಅಪ್ಪ ದೇವದುರ್ಗದ ಕಡೆ ಕಂಬ ಹತ್ತುತ್ತಿದ್ದಾಗ ಅವನ ಸೈಕಲ್ಲಿನ ಮುಂದೆ ಕೂತು ಜಾಲಹಳ್ಳಿಗೆ ಹೋಗಿ ಮೊದಲ ಬಲ್ಬು ನೋಡಿದವಳು. ಈಗ ಊರ ಹೊರಗಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಅವಳ ವಿಷಯ ಪವರ್ ಇಲೆಕ್ಟ್ರಾನಿಕ್ಸ್. ಹಂಗಂದರೇನು ಎಂದು ಅಜ್ಜಿ ಬಂಡೆಮ್ಮ ಒಮ್ಮೆ ಕೇಳಿದ್ದಳು.

“ಬ್ಯಾಟರಿ ಕರೆಂಟನ್ನ ಮನಿ ಕರೆಂಟ್ ಮಾಡೋದು, ಆಯಿ. ಮನಿ ಕರೆಂಟನ್ನ ತಿರುಗಿ ಬ್ಯಾಟರಿ ಕರೆಂಟ್ ಮಾಡೋದು.”

“ಹಾಲು ಮಸರು ಮಾಡಿ, ಮಸರು ಹಾಲು ಮಾಡಿದಂಗಾತು. ಇದಕ್ಕ ಇಷ್ಟು ವರ್ಷ ಓದಿದಿ?”

ಓದಿದ್ದು ಸುಳ್ಳಾಗಲಿಲ್ಲ. ಒಂದು ಲಾರಿ ಬ್ಯಾಟರಿ, ಕರೆಂಟಿಗೆ ದಾರಿ ಬಿಡುವ ದಪ್ಪ ಗುಂಡಿಗಳಂಥ ಥೈರಿಸ್ಟರುಗಳು, ತಂತಿಯ ಸುರುಳಿ ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂಡಿಸಿ ಪಡಸಾಲೆಯ ಮೀಟರಿನ ಕೆಳಗೆ ಕೂಡ್ರಿಸಿದಳು. ಊರ ಕರೆಂಟು ಹೋದರೆ ಬಲ್ಬು ಒಮ್ಮೆ ಕಣ್ಣು ಮುಚ್ಚುತ್ತಿತ್ತು, ಮರುಗಳಿಗೆ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಓಣಿಯೆಲ್ಲ ಕತ್ತಲು, ಮಾರೆಪ್ಪನ ಮನೆ ಬೆಳಕು. ಪಕ್ಕದ ಮನೆಯ ಮಹಬೂಬೀ ಅಕ್ಕಿ ಆರಿಸಲು ಮೊರ ಹಿಡಿದು ಇವರ ಕಟ್ಟೆಗೇ ಬರುತ್ತಿದ್ದಳು. ಮಾರೆಪ್ಪನ ಹೆಂಡತಿ ಹಣಮಮ್ಮ ಅದನ್ನು ನಳದ ಕಡೆಯೂ ಹೇಳುತ್ತಿದ್ದಳು, ಸಂತೆಯಲ್ಲೂ ಹೇಳುತ್ತಿದ್ದಳು.

ಆ ಪೆಟ್ಟಿಗೆಯ ಮೇಲೆ ಕರೆಮ್ಮನ ಮುಂದಿನ ಬಾಳೇ ನಿಂತಿತ್ತು. ಮದ್ರಾಸಿನಲ್ಲಿ ಸಂಶೋಧನೆಗೆ ಸೀಟು ಕೊಡುತ್ತೇವೆ, ದೀಪಾವಳಿ ಮುಗಿದ ಮೇಲೆ ನೀವು ಮಾಡಿದ್ದನ್ನು ತಂದು ತೋರಿಸಿ ಎಂದು ಅಲ್ಲಿನ ಪ್ರೊಫೆಸರು ಹೇಳಿದ್ದರು. ಹಣಮಮ್ಮನಿಗೆ ಬೆಳಕು ಬೇಕಿತ್ತು, ಮದ್ರಾಸು ಬೇಡವಾಗಿತ್ತು.

“ಇಪ್ಪತ್ತೇಳು ತುಂಬಿದಾವು. ಇನ್ನೂ ಕಲೀತಾಳಂತ,” ಅನ್ನುತ್ತ ರೊಟ್ಟಿ ಬಡಿಯುತ್ತಿದ್ದಳು.

“ಕಲೀಲಿ ಬಿಡಬೇ,” ಎಂದು ಮಾರೆಪ್ಪ ಪುಂಡಿಪಲ್ಯ ಕಲಸಿಕೊಳ್ಳುತ್ತ ಹೇಳುತ್ತಿದ್ದ. “ನಾ ಕಂಬ ಹತ್ತಿದ್ದು ಸಾಕು. ಆಕಿ ಕಂಬಕ್ಕೇ ಬುದ್ಧಿ ಹೇಳಾಕಿ.”

ಪೆಟ್ಟಿಗೆಗೆ ಒಂದೇ ದುರ್ಗುಣವಿತ್ತು. ಅದರೊಳಗೆ ಒಂದು ಕಬ್ಬಿಣದ ನಾಲಿಗೆ. ಊರ ಕರೆಂಟು ಇರುವವರೆಗೆ ಅದು ಒಳಕ್ಕೆ ಎಳೆದುಕೊಂಡು ಹೊರಗಿನ ತಂತಿಗೂ ಮನೆಯ ತಂತಿಗೂ ಗಂಟು ಹಾಕಿರುತ್ತಿತ್ತು. ಕರೆಂಟು ಹೋದ ಕೂಡಲೇ ಬಿಟ್ಟುಬಿಡುತ್ತಿತ್ತು. ಆಗ ಪೆಟ್ಟಿಗೆಯ ಕರೆಂಟು ಮನೆಯೊಳಗಷ್ಟೇ ಓಡಾಡುತ್ತಿತ್ತು, ಹೊರಗೆ ಕಾಲಿಡುತ್ತಿರಲಿಲ್ಲ. ಆದರೆ ರಾಯಚೂರಿನ ಕರೆಂಟಿಗೆ ಬರುವ ಮನಸ್ಸೂ ಪೂರ್ತಿ ಇಲ್ಲ, ಹೋಗುವ ಮನಸ್ಸೂ ಪೂರ್ತಿ ಇಲ್ಲ. ವೋಲ್ಟೇಜು ಇಳಿದಾಗಲೆಲ್ಲ ಆ ನಾಲಿಗೆ ಹಿಡಿಯಲೋ ಬಿಡಲೋ ಎಂದು ಕಟಕಟ ಕಟಕಟ ಬಡಿದುಕೊಳ್ಳುತ್ತಿತ್ತು.

“ನನಗ ಸ್ವರ್ಗ ಬ್ಯಾಡ, ಒಂದು ನಿದ್ದಿ ಕೊಡ್ರಪಾ,” ಎಂದು ಅದರ ಪಕ್ಕದಲ್ಲೇ ಮಲಗುತ್ತಿದ್ದ ಬಂಡೆಮ್ಮ ಗೋಳಾಡುತ್ತಿದ್ದಳು. “ಚಳಿಜ್ವರ ಬಂದ ಮುದುಕನ ಹಲ್ಲು ಬಡದಂಗ ಬಡೀತದ.”

“ಇನ್ನ ಸ್ವಲ್ಪ ದಿನ ತಡಿ, ಆಯಿ. ಆ ನಾಲಿಗಿ ತಗದು ಅಲ್ಲೂ ಥೈರಿಸ್ಟರ್ ಹಾಕ್ತೀನಿ. ಅದು ಮಿಸುಗಾಡಂಗಿಲ್ಲ, ಸಪ್ಪಳನೂ ಮಾಡಂಗಿಲ್ಲ.”

“ಅಷ್ಟರಾಗ ನಾನ ಮಿಸುಗಾಡದಂಗ ಆಗಿರ್ತೀನಿ.”

ಶ್ರಾವಣದಲ್ಲಿ ಹಣಮಮ್ಮನ ತಮ್ಮ ಗದ್ದೆಪ್ಪ ಮಾನ್ವಿ ಕಡೆಯ ಕುರ್ಡಿಯಿಂದ ಬಂದಿಳಿದ. ಹಳ್ಳದ ದಂಡೆಯಲ್ಲಿದ್ದ ಅವನ ಪಂಪಿನ ಮೋಟರು ಸುಟ್ಟಿತ್ತು, ಹೊಸ ತಂತಿ ಸುತ್ತಲು ಸ್ಟೇಷನ್ ರಸ್ತೆಯ ಅಂಗಡಿಗೆ ಕೊಟ್ಟಿದ್ದ. ಅಂಗಡಿಯವನು ಇವತ್ತು ನಾಳೆ ಅನ್ನುತ್ತಿದ್ದ. ಗದ್ದೆಪ್ಪ ಹೆಗಲ ಮೇಲಿನ ಕಂಬಳಿಯನ್ನು ಗೂಟಕ್ಕೆ ಹಾಕಿ ಅಕ್ಕನ ಮನೆಯಲ್ಲೇ ಉಳಿದ. ಒಳ್ಳೆಯ ಮನುಷ್ಯ, ಕೈ ಸುಮ್ಮನಿರದ ಮನುಷ್ಯ. ಕಟ್ಟಿಗೆ ಒಡೆದ, ನಳದ ನೀರು ತಂದ, ಹಂಚು ಸರಿಮಾಡಿದ. ಒಂದು ಮಧ್ಯಾಹ್ನ ಮನೆಯಲ್ಲಿ ಅವನೂ ಮುದುಕಿಯೂ ಇಬ್ಬರೇ ಇದ್ದರು. ಪೆಟ್ಟಿಗೆ ಕಟಕಟ ಶುರು ಮಾಡಿತು.

“ಗದ್ದೆಪ್ಪಾ, ಅದರ ಬಾಯಿ ಮುಚ್ಚಸೋ ನನ್ನಪ್ಪಾ,” ಅಂದಳು ಬಂಡೆಮ್ಮ.

ಗದ್ದೆಪ್ಪ ಮುಚ್ಚಳ ತೆಗೆದು ನೋಡಿದ, ಹಲ್ಲು ಕಿಸಿದ. “ಇದಾ? ನಮ್ಮ ಪಂಪಿನ ಸ್ಟಾರ್ಟರಿನಾಗ ಇರೋದೂ ಇದ ಅಲ್ಲೇನು! ವೋಲ್ಟೇಜ್ ಕಮ್ಮಿ ಆದ್ರ ಹಿಂಗ ಕುಣೀತದ. ನಾವೆಲ್ಲ ಒಂದು ಚಕ್ಕಿ ತುರುಕಿಬಿಡ್ತೀವಿ.”

ಒಡೆದಿಟ್ಟ ಕಟ್ಟಿಗೆಯಿಂದ ಬೆರಳಗಲದ ಒಂದು ಜಾಲಿಯ ಚಕ್ಕೆ ಆರಿಸಿ, ಕಬ್ಬಿಣದ ನಾಲಿಗೆ ಹಿಡಿದದ್ದನ್ನು ಬಿಡದಂತೆ ಸಂದಿಗೆ ಒತ್ತಿ ಸಿಗಿಸಿದ. ಕಟಕಟ ನಿಂತಿತು. ಮುಚ್ಚಳ ಹಾಕಿದ. ಮಾನ್ವಿ ಕಡೆಯ ಅರ್ಧ ಪಂಪುಗಳು ಓಡುವುದೇ ಹೀಗೆ. ಅವನಿಗೆ ಅದೊಂದು ಹೇಳಬೇಕಾದ ಸಂಗತಿ ಅಂತಲೂ ಅನಿಸಲಿಲ್ಲ.

“ನಿನ್ನ ಹೊಟ್ಟಿ ತಣ್ಣಗಿರಲಿ,” ಎಂದು ಮುದುಕಿ ಅವತ್ತು ಸಂಜೆಯವರೆಗೆ ಮಲಗಿದಳು.

ಕರೆಮ್ಮನಿಗೆ ಆ ವಾರ ಕಾಲೇಜಿನಲ್ಲಿ ಪರೀಕ್ಷೆ. ಪೆಟ್ಟಿಗೆ ಸುಮ್ಮನಾಗಿದ್ದನ್ನು ಅವಳು ಗಮನಿಸಿದಳು, ಕರೆಂಟೂ ಆ ವಾರ ಪೂರ್ತಿ ಹೋಗಲಿಲ್ಲ, ವೋಲ್ಟೇಜು ಸುಧಾರಿಸಿದೆ ಅಂದುಕೊಂಡಳು. ರಾಯಚೂರಿನಲ್ಲಿ ಹುಟ್ಟಿ ಬೆಳೆದವಳಾಗಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲವೇನೋ!

ಆಮೇಲೆ ಆ ಶನಿವಾರ ಬಂತು. ಬೆಳಗಿನಿಂದ ಜಿಟಿಜಿಟಿ ಮಳೆ. ಓಣಿಯ ಕಂಬದಿಂದ ಮಾರೆಪ್ಪನ ಮನೆಗೂ ಮಹಬೂಬೀ ಮನೆಗೂ ಬರುವ ತಂತಿಯ ಗಂಟು ಚಿಟಿಚಿಟಿ ಕಿಡಿ ಉಗುಳುತ್ತಿತ್ತು. ಮಾರೆಪ್ಪ ಡ್ಯೂಟಿ ಮುಗಿಸಿ ಬಂದವನು ಚಹಾ ಸಹ ಕುಡಿಯದೆ ಬೆಲ್ಟು ಬಿಗಿದು ಕಂಬ ಹತ್ತಿದ.

ಇಲ್ಲಿ ಅವನದೊಂದು ರೂಢಿ ಹೇಳಬೇಕು. ಬೇರೆ ಓಣಿಯಲ್ಲಾದರೆ ಫ್ಯೂಜು ಕಿತ್ತ ಮೇಲೆ ತಂತಿಗೆ ಹಿಂಗೈ ಸೋಕಿಸಿ ನೋಡುತ್ತಿದ್ದ. ಕರೆಂಟಿದ್ದರೆ ಹಿಂಗೈ ತಾನೇ ಹಾರಿ ದೂರ ಹೋಗುತ್ತದೆ, ಅಂಗೈಯಾದರೆ ಮುಷ್ಟಿ ಕಟ್ಟಿಬಿಡುತ್ತದೆ. ತನ್ನ ಓಣಿಯಲ್ಲಿ ಆ ಪರೀಕ್ಷೆಯೂ ಇಲ್ಲ. ಕಂಬದ ಮೇಲಿಂದ ಹೆಂಡತಿಯನ್ನು ಕೂಗುವುದು, ಅವಳು ಅಡಿಗೆಮನೆಯ ಬಲ್ಬು ನೋಡಿ ಹೇಳುವುದು, ಅಷ್ಟೇ. ಎಷ್ಟೋ ವರ್ಷಗಳ ಸಂಸಾರದಲ್ಲಿ ಆ ಕೂಗು ಒಮ್ಮೆಯೂ ತಪ್ಪಿರಲಿಲ್ಲ.

ಫ್ಯೂಜು ಕಿತ್ತ. “ಏನಬೇ, ಹೋತೇನು?”

ಹಣಮಮ್ಮ ಒಲೆಯ ಮುಂದಿನಿಂದ ತಲೆ ಎತ್ತಿದಳು. ಬಲ್ಬು ಆರಿತು. “ಹೋತು!” ಎಂದು ಕೂಗಿದಳು. ಮರುಗಳಿಗೆ ಬಲ್ಬು ಹೊತ್ತಿತು. ಅದು ಮಗಳ ಬೆಳಕು ಎಂದು ಅವಳಿಗೆ ಗೊತ್ತಿತ್ತು. ಹೆಮ್ಮೆಯಿಂದ ಒಮ್ಮೆ ನೋಡಿ ರೊಟ್ಟಿ ತಿರುವಿದಳು. ಮನೆಯೊಳಗೆ ಹುಟ್ಟಿದ ಬೆಳಕು ಮನೆ ದಾಟಿ, ತಂತಿ ಹಿಡಿದು, ಕಂಬ ಹತ್ತಿ ಗಂಡನ ಕೈಗೆ ಹೋದೀತೆಂದು ಯಾವ ಹೆಂಗಸು ನೆನೆಸಬಲ್ಲಳು?

ಮಾರೆಪ್ಪ ತಂತಿಯನ್ನು ಅಂಗೈ ತುಂಬ ಹಿಡಿದ.

ಕೂಗಲಿಲ್ಲ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಹಿಂದಕ್ಕೆ ಬಾಗಿದ ಮೈ ಬೆಲ್ಟಿನಲ್ಲಿ ಜೋತುಬಿದ್ದು ತರತರ ನಡುಗುತ್ತಿತ್ತು, ಕೈ ಮಾತ್ರ ತಂತಿಯನ್ನು ಬಿಡದು. ಮೊದಲು ನೋಡಿದವಳು ಮಹಬೂಬೀ. “ಯಾ ಅಲ್ಲಾ! ಮಾರೆಪ್ಪಣ್ಣಗ ಕರೆಂಟ್ ಹಿಡದದ! ಯಾರರೆ ಓಡಿ ಬರ್ರೀ!”

ಕಟ್ಟೆಯ ಮೇಲಿದ್ದ ಗದ್ದೆಪ್ಪ ಕಂಬದ ಕಡೆ ಓಡಲಿಲ್ಲ, ಮನೆಯೊಳಗೆ ಓಡಿದ. ಪೆಟ್ಟಿಗೆಯ ಮುಚ್ಚಳ ಕಿತ್ತೆಸೆದು, ಸಂದಿಯಲ್ಲಿದ್ದ ಚಕ್ಕೆಯನ್ನು ಎಳೆದ. ನಾಲಿಗೆ ಟಪ್ಪೆಂದು ಬಿಟ್ಟಿತು. ಹೊರಗೆ ಮಾರೆಪ್ಪನ ಕೈ ಸಡಿಲವಾಗಿ ಕೆಳಗೆ ಬಿತ್ತು. ಗದ್ದೆಪ್ಪ ಬ್ಯಾಟರಿಯ ತಂತಿಯನ್ನೂ ಕಿತ್ತು ಹಾಕಿದ. ಚಕ್ಕೆ ಅವನ ಅಂಗಿಯ ಕಿಸೆಗೆ ಹೋಯಿತು. ಹೋಗಿದ್ದು ಅವನಿಗೂ ತಿಳಿಯಲಿಲ್ಲ, ಅಥವಾ ತಿಳಿಯಿತು. ಅದನ್ನು ಅವನೇ ಹೇಳಬೇಕು.

ಜೀವ ಉಳಿಯಿತು. ಬಲಗೈಯ ಮೂರು ಬೆರಳು ಸುಟ್ಟು ಎಲುಬಿಗೆ ಹತ್ತಿದ್ದವು, ದವಾಖಾನೆಯಲ್ಲಿ ಅವನ್ನು ತೆಗೆದರು. ಕಾಲೇಜಿನಿಂದ ಓಡಿ ಬಂದ ಕರೆಮ್ಮ ಬ್ಯಾಂಡೇಜು ಸುತ್ತಿದ ಆ ಮೊಂಡ ಕೈಯನ್ನು ನೋಡಿ ಬಾಗಿಲಲ್ಲೇ ಕುಸಿದಳು. ಹಣಮಮ್ಮ ಅವಳನ್ನು ಎಬ್ಬಿಸಲಿಲ್ಲ.

“ನಿನ್ನ ಪೆಟಿಗಿ ತಿಂತು ನೋಡು ನಿಮ್ಮಪ್ಪನ ಕೈ. ಹೊಟ್ಟಿ ತುಂಬಿತಾ?”

“ಯವ್ವಾ, ಅದು ಹೊರಗಿನ ತಂತಿ ಬಿಡ್ತದ. ಬಿಡಲಿಕ್ಕೇ ಬೇಕು. ಹೆಂಗ ಆತು ನನಗ ತಿಳೀವಲ್ದು.”

“ಓದಿದಾಕಿ ನಿನಗ ತಿಳೀಲಿಲ್ಲಂದ್ರ ರೊಟ್ಟಿ ಬಡಿಯಾಕಿ ನನಗ ತಿಳೀತದೇನು? ಹೋತು ಅಂತ ನಾ ಒದರಿದೆ. ನನ್ನ ಬಾಯಲೇ ಒದರಿದೆ!” ಅನ್ನುತ್ತ ಹಣಮಮ್ಮ ತನ್ನ ಬಾಯಿಗೆ ತಾನೇ ಪಟಪಟ ಹೊಡೆದುಕೊಂಡಳು. ಗದ್ದೆಪ್ಪ ಅವಳ ಕೈ ಹಿಡಿದ. ಎಲ್ಲರೂ ಅವನನ್ನೇ ಹೊಗಳುತ್ತಿದ್ದರು. ಅವನಿಲ್ಲದಿದ್ದರೆ ಮಾರೆಪ್ಪ ಕಂಬದಲ್ಲೇ ಹೆಣವಾಗುತ್ತಿದ್ದ ಎಂದು ಮಹಬೂಬೀ ದವಾಖಾನೆಯಲ್ಲಿ ಕಂಡಕಂಡವರಿಗೆ ಹೇಳಿದಳು. ಗದ್ದೆಪ್ಪ ತಲೆ ಎತ್ತಲಿಲ್ಲ. ಮರುದಿನ ಮೋಟರನ್ನೂ ಬಿಟ್ಟು ಕುರ್ಡಿ ಬಸ್ಸು ಹತ್ತಿದ.

ಅಂದಿನಿಂದ ಆ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಹಣಮಮ್ಮನ ಬಾಯಿಂದ ‘ಹೋತು’ ಎನ್ನುವ ಮಾತೇ ನಿಂತುಬಿಟ್ಟಿತು. ಹಾಲು ಉಕ್ಕಿದರೆ ‘ಚೆಲ್ಲಿತು’ ಅಂದಳು, ನಳ ನಿಂತರೆ ‘ಬರವಲ್ದು’ ಅಂದಳು. ಕರೆಂಟು ಹೋದರೆ ಏನೂ ಅನ್ನದೆ ಚಿಮಣಿ ದೀಪ ಹಚ್ಚಿದಳು. ಪೆಟ್ಟಿಗೆ ಹಿತ್ತಲಲ್ಲಿ ಗೋಣಿಚೀಲದ ಕೆಳಗೆ ಬಿತ್ತು. ಓಣಿಯಲ್ಲಿ ಮತ್ತೆ ಎಲ್ಲರ ಮನೆಯೂ ಒಂದೇ ಕತ್ತಲು.

ಕರೆಮ್ಮ ಸಂಜೆ ಬಂದವಳೇ ಹಿತ್ತಲಿಗೆ ಹೋಗಿ ಚೀಲ ಸರಿಸಿ ಪೆಟ್ಟಿಗೆ ಬಿಚ್ಚುತ್ತಿದ್ದಳು. ಒಂದೊಂದೇ ತಂತಿ ನೋಡಿದಳು, ನಾಲಿಗೆಯನ್ನು ಸಾವಿರ ಸಲ ಆಡಿಸಿದಳು. ಪ್ರತಿ ಸಲವೂ ಬಿಡಬೇಕಾದಾಗ ಬಿಟ್ಟಿತು. ತಪ್ಪು ಇಲ್ಲವೇ ಇಲ್ಲ! ತಪ್ಪು ಸಿಕ್ಕಿದ್ದರೆ ಅವಳಿಗೆ ಒಂದು ಸಮಾಧಾನವಿತ್ತು. ತಪ್ಪಿಲ್ಲದ ಪೆಟ್ಟಿಗೆ ಅಪ್ಪನ ಕೈ ತಿಂದಿದೆ ಎನ್ನುವುದು ಅವಳಿಗೆ ಅನ್ನ ಸೇರದ ಹಾಗೆ ಮಾಡಿತು.

“ಯಪ್ಪಾ, ನಾ ಮದ್ರಾಸಿಗೆ ಹೋಗಂಗಿಲ್ಲ,” ಎಂದಳು ಒಂದು ದಿನ, ಅಪ್ಪನಿಗೆ ತುತ್ತು ಕಲಸಿಕೊಡುತ್ತ. ಎಡಗೈಯಿಂದ ಉಣ್ಣಲು ಮಾರೆಪ್ಪನಿಗೆ ಇನ್ನೂ ಒಗ್ಗಿರಲಿಲ್ಲ.

“ಯಾಕ?”

“ಯಾಕಂತ ತಿಳಿಯದ ವಸ್ತು ಯಾವ ಮುಖ ಇಟ್ಟಗೊಂಡು ತೋರಸಲಿ? ಇಲ್ಲಿ ಒಂದು ಕೈ ಹೋಗ್ಯಾದ. ನಾಳೆ ಬ್ಯಾರೆ ಮನ್ಯಾಗ ಜೀವಾನ ಹೋದ್ರ?”

“ಈಗ ಬುದ್ಧಿ ಬಂತು,” ಎಂದಳು ಒಳಗಿನಿಂದ ಹಣಮಮ್ಮ. “ದೇವದುರ್ಗದ ಕಡಿಂದ ಒಂದು ಹುಡುಗನ್ನ ಹೇಳ್ಯಾರ. ಸಾಲಿ ಮಾಸ್ತರ.”

ಕರೆಮ್ಮ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಅದೇ ಎಲ್ಲರಿಗೂ ಹೆಚ್ಚು ದಿಗಿಲು ಹುಟ್ಟಿಸಿತು. ಮಾತಿಗೆ ಮಾತು ಕೊಡದ ಕರೆಮ್ಮನನ್ನು ಆ ಮನೆ ಕಂಡಿರಲಿಲ್ಲ.

ಮಹಾನವಮಿಗೆ ಮುಂಚೆ ಗದ್ದೆಪ್ಪ ಮತ್ತೆ ಬಂದ. ಒಂದು ಚೀಲ ಹಸಿ ಶೇಂಗಾ ತಂದಿದ್ದ. ಮುಖ ಸೊರಗಿತ್ತು. ಹಣಮಮ್ಮ ತಾಟು ಇಟ್ಟಳು, ಸಜ್ಜೆ ರೊಟ್ಟಿ ಹಾಕಿದಳು. ಅವನು ಮುರಿಯಲಿಲ್ಲ.

“ಉಣ್ಣೋ. ನಿಮ್ಮ ಭಾವನ ಜೀವಾ ಉಳಿಸಿದಾವ ನೀ. ನಿನಗ ಹಾಕದ ಯಾರಿಗೆ ಹಾಕಲಿ?”

ಗದ್ದೆಪ್ಪ ಕಿಸೆಯಿಂದ ಜಾಲಿಯ ಚಕ್ಕೆ ತೆಗೆದು ತಾಟಿನ ಪಕ್ಕದಲ್ಲಿ ಇಟ್ಟ. ಅದರ ಒಂದು ಅಂಚು ಕಬ್ಬಿಣ ಕಚ್ಚಿ ಸವೆದಿತ್ತು.

“ಇದು ಆ ಪೆಟಿಗ್ಯಾಗ ಇತ್ತಕ್ಕ. ನಾ ಇಟ್ಟಿದ್ದೆ.”

ಕರೆಮ್ಮ ಚಕ್ಕೆಯನ್ನು ಎತ್ತಿಕೊಂಡಳು, ತಿರುಗಿಸಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

“ಚಕ್ಕಿ? ಚಕ್ಕಿ ಇಟ್ಟಿದ್ದಿ? ಮಾವಾ, ತಂತಿ ತಂತಿ ಬಿಚ್ಚಿ ನೋಡೀನಿ ನಾ! ಅಪ್ಪನ ಕೈ ನಾನ ಕಡದೀನಿ ಅಂತ ಇಷ್ಟು ದಿನ ಮನಗಿಲ್ಲ ನಾ! ಒಂದು ಮಾತು ಹೇಳಾಕ ನಿನಗೇನಾಗಿತ್ತು?”

“ಹೆದರಿದ್ನೆವ್ವಾ. ಎಲ್ಲಾರೂ ಜೀವಾ ಉಳಿಸಿದಿ ಜೀವಾ ಉಳಿಸಿದಿ ಅನ್ನಾಕತ್ತಿದ್ರು. ಹೆಂಗ ಹೇಳಲಿ?” ಗದ್ದೆಪ್ಪ ಸಣ್ಣ ಹುಡುಗನ ಹಾಗೆ ಅಳತೊಡಗಿದ.

ಬಂಡೆಮ್ಮ ಗೋಡೆಗೆ ಒರಗಿದ್ದವಳು, “ಅವಗ ಬೈಬ್ಯಾಡ. ಇಡಸಿದಾಕಿ ನಾನು,” ಎಂದಳು. “ನನ್ನ ನಿದ್ದಿ ಸುಡಲಿ.”

ಹಣಮಮ್ಮ ತಮ್ಮನ ತಾಟನ್ನು ಎಳೆದುಕೊಂಡಳು. “ಏಳು ಮ್ಯಾಲೆ. ನನ್ನ ಗಂಡನ ಕೈ ತಿಂದಾವ ನನ್ನ ಮನ್ಯಾಗ ರೊಟ್ಟಿ ತಿನ್ನಬ್ಯಾಡ. ಈ ಹಾಳ ಬುದ್ಧಿ ನಿನಗ ಯಾರು ಕಲಿಸಿದ್ರು?”

ಗದ್ದೆಪ್ಪ ಕಣ್ಣೊರಸಿಕೊಂಡ. ಅಕ್ಕನನ್ನು ನೋಡಲಿಲ್ಲ, ಭಾವನ ಕಡೆ ನೋಡಿದ.

ಮಾರೆಪ್ಪನೇ ಹೇಳಿದ. “ನಾನು.”

“ಏನಂದ್ರಿ?”

“ನಾನ ಕಲಸೀನಬೇ. ಮಾನ್ವ್ಯಾಗ ಇದ್ದಾಗ ಇವನ ಪಂಪು ಹೊಸದು. ಸ್ಟಾರ್ಟರ್ ಕುಣೀತದ, ಬೆಳಿ ಒಣಗಾಕತ್ತದ ಅಂತ ಅತ್ತಗೋತ ಬಂದ. ಒಂದು ಚಕ್ಕಿ ಇಟ್ಟು ತೋರಿಸಿದೆ. ಇವನೊಬ್ಬಗ ಅಲ್ಲ. ಅದಕ್ಕೂ ಮುಂಚೆ ಜಾಲಹಳ್ಯಾಗ ತೋರಸೀನಿ, ಅರಕೇರಾದಾಗ ತೋರಸೀನಿ. ಹೋದ ಹೋದಲ್ಲಿ ಶಾಣ್ಯಾ ಲೈನ್‌ಮನ್ ಬಂದ ಅಂತ ಹಾಲು ಮಸರು ಕೊಟ್ರು. ಕುಡದೆ.” ತನ್ನ ಮೊಂಡ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನೋಡಿದ. “ಎಷ್ಟು ಪೆಟಿಗ್ಯಾಗ ನಾ ಇಟ್ಟ ಚಕ್ಕಿ ಅದಾವೋ. ಎಷ್ಟು ಮಂದಿ ಕೈ ಅದರ ಮ್ಯಾಲ ಅದಾವೋ.”

“ಮಾಡಿದ್ದುಣ್ಣೋ ಮಾರಾಯ,” ಎಂದಳು ಬಂಡೆಮ್ಮ. ಹಡೆದ ತಾಯಿ. ಹಾಗೆ ಅಂದು ಸೆರಗು ಬಾಯಿಗೆ ಹಚ್ಚಿ ಅತ್ತಳು.

ಹಣಮಮ್ಮ ಎಳೆದುಕೊಂಡ ತಾಟನ್ನು ಮತ್ತೆ ತಮ್ಮನ ಮುಂದೆ ಸರಿಸಿದಳು.

ಊಟ ಮುಗಿದ ಮೇಲೆ ಮಾರೆಪ್ಪ ಮಗಳನ್ನು ಕರೆದ. “ಈಗ ತಿಳೀತಲ್ಲ? ಪೆಟಿಗಿದು ತಪ್ಪಿಲ್ಲ.”

“ತಪ್ಪು ಅದ ಯಪ್ಪಾ,” ಎಂದಳು ಕರೆಮ್ಮ. ಚಕ್ಕೆ ಇನ್ನೂ ಅವಳ ಕೈಯಲ್ಲಿತ್ತು. “ನಮ್ಮ ಕಡಿ ಮಂದಿ ಚಕ್ಕಿ ಇಡ್ತಾರಂತ ಮದ್ರಾಸ್ ಪ್ರೊಫೆಸರಿಗೆ ಗೊತ್ತಿಲ್ಲ. ಲೈನ್‌ಮನ್ ಮಗಳು ನನಗ ಗೊತ್ತಿರಬೇಕಿತ್ತು.”

“ಹಂಗಾರ ಚಕ್ಕಿ ಇಟ್ರೂ ಕೊಲ್ಲದಂಥದ್ದು ಮಾಡು. ಅದನ್ನ ಮಾಡಿ ಮದ್ರಾಸಿಗೆ ಹೋಗು.”

“ಹೋಗ್ತಾಳ ಹೋಗ್ತಾಳ,” ಎಂದು ಹಣಮಮ್ಮ ಪಾತ್ರೆ ಕುಕ್ಕಿದಳು. “ಅದು ಮತ್ತ ಈ ಮನ್ಯಾಗ ಹೊತ್ತಿದ್ರ ನಾ ಕುರ್ಡಿಗೆ ಹೋಗಿಬಿಡ್ತೀನಿ.”

ಅವಳು ಕುರ್ಡಿಗೆ ಹೋಗಲಿಲ್ಲ, ಮಗಳೊಡನೆ ಮಾತು ಮಾತ್ರ ಬಿಟ್ಟಳು. ಆದರೂ ಹಿತ್ತಲಲ್ಲಿ ಕೂತ ಮಗಳ ಪಕ್ಕಕ್ಕೆ ದಿನಾ ರೊಟ್ಟಿ, ಶೇಂಗಾ ಚಟ್ನಿ ಮುಚ್ಚಿಟ್ಟು ಬರುತ್ತಿದ್ದಳು. ಕರೆಮ್ಮ ಪೆಟ್ಟಿಗೆಯೊಳಗೆ ಇನ್ನೊಂದು ಕಾವಲು ಕೂಡ್ರಿಸಿದಳು. ಊರ ಕರೆಂಟು ಹೋದಾಗ ಅದು ಮೊದಲು ಹೊರಗಿನ ತಂತಿ ನಿಜವಾಗಿ ಬಿಟ್ಟಿದೆಯೇ ಎಂದು ನೋಡಬೇಕು. ಬಿಟ್ಟಿಲ್ಲದಿದ್ದರೆ ಥೈರಿಸ್ಟರುಗಳಿಗೆ ಏಳು ಎಂದು ಹೇಳಬಾರದು. ಎರಡು ಸಲ ಸುಟ್ಟಿತು, ಮೂರನೆಯ ಸಲ ನಿಂತಿತು.

ದೀಪಾವಳಿ ಕಳೆದು ಒಂದು ಸಂಜೆ ಪರೀಕ್ಷೆ. ಗದ್ದೆಪ್ಪನನ್ನು ಕುರ್ಡಿಯಿಂದ ಕರೆಸಿದ್ದರು. ಮಾರೆಪ್ಪ ಹೇಳಿದ ಹಾಗೆ ಅವನೇ ಅದೇ ಚಕ್ಕೆಯನ್ನು ಅದೇ ಸಂದಿಗೆ ಸಿಗಿಸಿದ. ಕಂಬದಿಂದ ಬರುವ ತಂತಿ ಮನೆಯ ಗೋಡೆಗೆ ಇಳಿಯುವಲ್ಲಿ ಒಂದಿಷ್ಟು ಬರಿದು ಮಾಡಿದ್ದರು. ಕಟ್ಟೆಯ ಮೇಲೆ ನಿಂತರೆ ಅದು ಕೈಗೆ ಸಿಗುತ್ತಿತ್ತು. ಮಾರೆಪ್ಪನ ಜಾಗಕ್ಕೆ ಬಂದ ತಾಯಪ್ಪ ಎಂಬ ಹೊಸ ಲೈನ್‌ಮನ್ ಕಂಬ ಹತ್ತಿ ಫ್ಯೂಜು ಕಿತ್ತ.

ಅಡಿಗೆಮನೆಯ ಬಲ್ಬು ಆರಿತು. ಬಲ್ಬು ಹೊತ್ತಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದರು. ಮನೆ ಕತ್ತಲಾಗಿಯೇ ಇತ್ತು. ಕತ್ತಲೆಯಾದರೆ ಗೆದ್ದ ಹಾಗೆ ಎನ್ನುವುದು ಮಹಬೂಬೀಗೆ ತಿಳಿಯದೆ, “ಅಯ್ಯೋ, ಕೆಟ್ಟದೇನವ್ವಾ?” ಎಂದು ಮರುಗಿದಳು.

ಮಾರೆಪ್ಪ ಅಂಗಳದಿಂದ ಹಳೆಯ ರೂಢಿಯಲ್ಲೇ ಕೂಗಿದ. “ಏನಬೇ, ಹೋತೇನು?”

ಒಳಗಿನಿಂದ ಉತ್ತರ ಬರಲಿಲ್ಲ.

“ಇರ್ರಿ ಯಪ್ಪಾ, ಟೆಸ್ಟರ್ ಹಚ್ಚಿ ನೋಡ್ತೀನಿ,” ಎಂದು ಕರೆಮ್ಮ ಚೀಲಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಹಣಮಮ್ಮ ಹೊರಗೆ ಬಂದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಸೆರಗಿಗೆ ಒರಸಿಕೊಂಡಳು. ಯಾರ ಮುಖವನ್ನೂ ನೋಡದೆ ಕಟ್ಟೆ ಏರಿದಳು.

“ಯವ್ವಾ!” ಎಂದು ಕರೆಮ್ಮ ಚೀರಿದಳು.

ಹಣಮಮ್ಮ ಬಲಗೈ ಎತ್ತಿ, ಹಿಂಗೈಯನ್ನು ತಂತಿಗೆ ಒತ್ತಿದಳು. ತೆಗೆಯಲಿಲ್ಲ, ಹಾಗೇ ಒತ್ತಿ ನಿಂತಳು. ಗದ್ದೆಪ್ಪ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. ಮಾರೆಪ್ಪ ಇಲ್ಲದ ಬೆರಳುಗಳನ್ನು ಮುಂದೆ ಚಾಚಿ ಎರಡು ಹೆಜ್ಜೆ ಓಡಿ ಬಂದವನು ನಿಂತಲ್ಲೇ ನಿಂತ.

“ಹೋತು,” ಎಂದಳು ಹಣಮಮ್ಮ.

ಕಟ್ಟೆಯಿಂದ ಇಳಿದು ಮಗಳ ಮುಂದೆ ಬಂದಳು. ಎಷ್ಟೋ ವಾರಗಳ ಮೇಲೆ ತಾಯಿ ಅವಳನ್ನು ಮಾತಾಡಿಸಿದಳು.

“ಮದ್ರಾಸ್ ಎಷ್ಟು ದಿನದ ದಾರಿ? ಕಟಿ ರೊಟ್ಟಿ ಬಡೀಲೇನು, ಮೆತ್ತನವ ನಡೀತಾವೇನು?”

ಉತ್ತರಕ್ಕೆ ಕಾಯದೆ ಹಣಮಮ್ಮ ಚಿಮಣಿ ಹಚ್ಚಲು ಒಳಗೆ ಹೋದಳು.